ಜಿಲ್ಲಾ ಎಸ್ಪಿಯನ್ನು ಮತದಾರರೇ ಆರಿಸುವಂತಿದ್ದರೆ?

ಮಡಿಕೇರಿ: ಕೊಡಗಿನಷ್ಟು ವಿಸ್ತೀರ್ಣದ ಪ್ರದೇಶವೊಂದು ಅಮೆರಿಕದಲ್ಲಿದ್ದರೆ ಅದನ್ನು 'ಕೌಂಟಿ' ಎನ್ನುತ್ತಿದ್ದರು. ಅಲ್ಲಿನ ಮುಖ್ಯ ಪೊಲೀಸ್ ಅಧಿಕಾರಿ 'ಶೆರಿಫ್'. ಬಹುತೇಕ ರಾಜ್ಯಗಳಲ್ಲಿ ಆತನನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಅಧಿಕಾರಾವಧಿ ಸಾಮಾನ್ಯವಾಗಿ 4 ವರ್ಷ. ಸೇವೆಯಲ್ಲಿರುವ ಅಧಿಕಾರಿಯೇ ತನ್ನ ಮೇಲಧಿಕಾರಿಯ ವಿರುದ್ಧ ಕಣಕ್ಕಿಳಿಯುವುದೂ ಅಲ್ಲಿ ಅಪರೂಪವಲ್ಲ.

ನಮ್ಮಲ್ಲಿ ಮುಂಬಯಿ, ಕೋಲ್ಕತ್ತಗಳಲ್ಲಿ ಶೆರಿಫ್ ಎಂಬುದು ಬ್ರಿಟಿಷರ ಕಾಲದಿಂದ ಉಳಿದುಬಂದ ಗೌರವ ಪದವಿ ಮಾತ್ರ. ಜಿಲ್ಲೆಯ ಕಾನೂನು ಸುವ್ಯವಸ್ಥೆಯ ಹೊಣೆ ಪೊಲೀಸ್ ವರಿಷ್ಠಾಧಿಕಾರಿಯದು. ಅವರನ್ನು ನೇಮಿಸುವುದೂ ವರ್ಗಾಯಿಸುವುದೂ ರಾಜ್ಯ ಸರ್ಕಾರ.

ಖಾಕಿಯಲ್ಲಿದ್ದು ಸ್ಪರ್ಧಿಸುವಂತಿಲ್ಲ

ಐಪಿಎಸ್ ಅಧಿಕಾರಿಗಳು ರಾಜಕೀಯ ಪಕ್ಷದ ಸದಸ್ಯರಾಗುವುದನ್ನೂ ಚುನಾವಣಾ ಪ್ರಚಾರ ಮಾಡುವುದನ್ನೂ 1968ರ ಅಖಿಲ ಭಾರತ ಸೇವೆಗಳ ನಡತೆ ನಿಯಮಗಳು ನಿಷೇಧಿಸಿವೆ. ಮತ ಚಲಾಯಿಸಬಹುದು, ಆದರೆ ಯಾರಿಗೆ ಎಂಬುದನ್ನು ಸೂಚಿಸುವಂತಿಲ್ಲ. ಲಾಭದಾಯಕ ಹುದ್ದೆಯಲ್ಲಿರುವವರು ಶಾಸಕರಾಗದಂತೆ ಸಂವಿಧಾನದ 191ನೇ ವಿಧಿ, ಸಂಸದರಾಗದಂತೆ 102ನೇ ವಿಧಿ ತಡೆಯುತ್ತವೆ. ಆದ್ದರಿಂದ ಕಣಕ್ಕಿಳಿಯಬೇಕಾದರೆ ರಾಜೀನಾಮೆ ಅಥವಾ ನಿವೃತ್ತಿ ಅನಿವಾರ್ಯ. ಭ್ರಷ್ಟಾಚಾರ ಇಲ್ಲವೇ ದೇಶನಿಷ್ಠೆಯ ಕೊರತೆಯ ಕಾರಣಕ್ಕೆ ವಜಾಗೊಂಡವರು 5 ವರ್ಷ ಅನರ್ಹರು.

ಈ ದಾರಿಯಲ್ಲಿ ನಡೆದವರು ರಾಜ್ಯದಲ್ಲಿ ಹಲವರಿದ್ದಾರೆ. ನಿವೃತ್ತ ಐಪಿಎಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ 2004ರಲ್ಲಿ ಬೆಂಗಳೂರು ಉತ್ತರ ಕ್ಷೇತ್ರದಿಂದ ಬಿಜೆಪಿ ಅಭ್ಯರ್ಥಿಯಾಗಿ ಸ್ಪರ್ಧಿಸಿ, ಕಾಂಗ್ರೆಸ್‌ನ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿ ಲೋಕಸಭೆ ಪ್ರವೇಶಿಸಿದರು. ಕೂಡ್ಲಿಗಿಯಲ್ಲಿ ಡಿವೈಎಸ್ಪಿಯಾಗಿದ್ದ ಅನುಪಮಾ ಶೆಣೈ 2016ರಲ್ಲಿ ರಾಜೀನಾಮೆ ನೀಡಿ, ಸ್ವಂತ ಪಕ್ಷ ಕಟ್ಟಿ, 2018ರಲ್ಲಿ ಕಾಪು ಕ್ಷೇತ್ರದಿಂದ ಸ್ಪರ್ಧಿಸಿದರೂ ಗೆಲುವು ದಕ್ಕಲಿಲ್ಲ. ಉಡುಪಿ, ಚಿಕ್ಕಮಗಳೂರುಗಳಲ್ಲಿ ಎಸ್ಪಿಯಾಗಿದ್ದ ಕೆ. ಅಣ್ಣಾಮಲೈ 2019ರಲ್ಲಿ ಸೇವೆ ತೊರೆದು, 2021ರಲ್ಲಿ ತಮಿಳುನಾಡಿನ ಅರವಕುರಿಚ್ಚಿಯಲ್ಲಿ ಕಣಕ್ಕಿಳಿದು ಸೋತರು. ಜನಪ್ರಿಯತೆ ಮತವಾಗಿ ಪರಿವರ್ತನೆಯಾಗುವ ಖಾತರಿಯಿಲ್ಲ ಎಂಬುದಕ್ಕೆ ಇವು ನಿದರ್ಶನ.

ಅಂತರವಿಲ್ಲದ ಜಿಗಿತ

ನಿವೃತ್ತ ಐಪಿಎಸ್ ಅಧಿಕಾರಿ ವರ್ಷದೊಳಗೆ ಖಾಸಗಿ ವಾಣಿಜ್ಯ ಸಂಸ್ಥೆಯ ಉದ್ಯೋಗ ಹಿಡಿಯಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಚುನಾವಣೆಗೆ ನಿಲ್ಲಲು ಅಂಥ ಯಾವ ಕಾಲಮಿತಿಯೂ ಇಲ್ಲ. ಕಾಯುವ ಅವಧಿ ನಿಗದಿಪಡಿಸಬೇಕೆಂದು ಚುನಾವಣಾ ಆಯೋಗ ಹಿಂದೆ ಮಾಡಿದ್ದ ಶಿಫಾರಸನ್ನು ಕೇಂದ್ರ ಒಪ್ಪಲಿಲ್ಲ. ಇದೇ ಕೋರಿಕೆಯ ಅರ್ಜಿಯನ್ನು 2022ರಲ್ಲಿ ವಜಾಗೊಳಿಸಿದ ಸುಪ್ರೀಂ ಕೋರ್ಟ್, ಅಂಥ ನಿಯಮ ಬೇಕೇ ಬೇಡವೇ ಎಂಬುದು ಶಾಸಕಾಂಗಕ್ಕೆ ಬಿಟ್ಟ ವಿಷಯ ಎಂದಿತು.

ಇಲ್ಲೊಂದು ವೈರುಧ್ಯವಿದೆ. ಚುನಾವಣೆ ಸಮೀಪಿಸಿದಾಗ ಸ್ವಂತ ಜಿಲ್ಲೆಯಲ್ಲಿರುವ, ಇಲ್ಲವೇ ಒಂದೇ ಜಿಲ್ಲೆಯಲ್ಲಿ 3 ವರ್ಷ ಪೂರೈಸಿದ ಅಧಿಕಾರಿಗಳನ್ನು ಆಯೋಗ ಬೇರೆಡೆಗೆ ಕಳುಹಿಸುತ್ತದೆ. ಆದರೆ ಅದೇ ಅಧಿಕಾರಿ ರಾಜೀನಾಮೆ ಅಂಗೀಕಾರವಾದ ಮರುದಿನವೇ ಅದೇ ಜಿಲ್ಲೆಯಲ್ಲಿ ನಾಮಪತ್ರ ಸಲ್ಲಿಸಲು ಅಡ್ಡಿಯಿಲ್ಲ.

ಕೊಡಗಿಗೇಕೆ ಮುಖ್ಯ?

2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ಮಡಿಕೇರಿ, ವಿರಾಜಪೇಟೆ ಎಂಬ ಎರಡೇ ವಿಧಾನಸಭಾ ಕ್ಷೇತ್ರಗಳು. ಇಂಥ ಪುಟ್ಟ ಜಿಲ್ಲೆಯಲ್ಲಿ ಎಸ್ಪಿಯ ಹೆಸರು ಬೇಗನೆ ಮನೆಮಾತಾಗುತ್ತದೆ. 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ಸಂದರ್ಭದಲ್ಲಿ ಮಡಿಕೇರಿಯಲ್ಲಿ ಘರ್ಷಣೆ ಭುಗಿಲೆದ್ದು ಜೀವಹಾನಿಯಾಗಿತ್ತು. ಅಂಥ ಹೊತ್ತಿನಲ್ಲಿ ಲಾಠಿ ಹಿಡಿದವರು ಮುಂದಿನ ಚುನಾವಣೆಯ ಮತಗಳನ್ನು ಎಣಿಸುತ್ತಿದ್ದರೆ, ಯಾವ ಸಮುದಾಯವೂ ಅವರನ್ನು ನಂಬುವುದು ಕಷ್ಟ.

ಶೆರಿಫ್ ಪದ್ಧತಿಗೂ ತನ್ನದೇ ತರ್ಕವಿದೆ: ಕೆಟ್ಟ ಅಧಿಕಾರಿಯನ್ನು ಜನರೇ ಮನೆಗೆ ಕಳುಹಿಸಬಹುದು. ನಮ್ಮಲ್ಲಿ ಆ ಅಧಿಕಾರ ಸರ್ಕಾರದ ಕೈಯಲ್ಲಿದೆ. ಅದರ ದುರುಪಯೋಗ ತಡೆಯಲೆಂದೇ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಸ್ಪಿಗಳಿಗೆ ಕನಿಷ್ಠ 2 ವರ್ಷಗಳ ಅವಧಿ ಇರಬೇಕೆಂದು ನಿರ್ದೇಶಿಸಿತು. ಸೇವೆಯಲ್ಲಿರುವಷ್ಟು ಕಾಲ ಅಧಿಕಾರಿಯನ್ನು ಮತದಿಂದ ದೂರವಿಡುವ ನಿಯಮ ನಮ್ಮಲ್ಲಿದೆ. ಸೇವೆಯ ಕೊನೆಯ ದಿನಗಳಲ್ಲಿ ಆತ ಕೈಗೊಂಡ ನಿರ್ಧಾರಗಳು ಯಾರ ಹಿತಕ್ಕಾಗಿ ಎಂಬ ಸಂಶಯ ಹುಟ್ಟದಂತೆ ತಡೆಯುವ ನಿಯಮ ಮಾತ್ರ ಇನ್ನೂ ರೂಪುಗೊಂಡಿಲ್ಲ.