ಮೆಲ್ಲಗೆ ನೀವಿದರೆ ಇಳಿಯುವ ಊತ

ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಪ್ರಯಾಣ ಮಾಡಿ ಬೆಳಿಗ್ಗೆ ಇಳಿದಾಗ ನಿಮ್ಮ ಪಾದಗಳನ್ನು ಗಮನಿಸಿದ್ದೀರಾ? ಚಪ್ಪಲಿ ಬಿಗಿಯಾಗಿರುತ್ತದೆ. ಕಾಲುಚೀಲದ ಅಂಚು ಇದ್ದಲ್ಲಿ ಚರ್ಮದ ಮೇಲೆ ಗೆರೆ ಮೂಡಿರುತ್ತದೆ. ಪಾದದ ಗಂಟಿನ ಬಳಿ ಬೆರಳಿನಿಂದ ಒತ್ತಿ ಬಿಟ್ಟರೆ ಸಣ್ಣ ಕುಳಿಯೊಂದು ಕೆಲವು ಕ್ಷಣ ಹಾಗೆಯೇ ಉಳಿಯುತ್ತದೆ. ಮನೆಗೆ ಹೋಗಿ ಸ್ವಲ್ಪ ಓಡಾಡಿ, ಒಂದಿಷ್ಟು ಹೊತ್ತು ಮಲಗಿ ಎದ್ದರೆ ಊತ ಮಾಯ! ಅಲ್ಲಿ ಸೇರಿದ್ದ ನೀರು ಎಲ್ಲಿಗೆ ಹೋಯಿತು?

ಈ ಪ್ರಶ್ನೆಗೆ ಉತ್ತರ ಹುಡುಕಿದರೆ, ನಮ್ಮ ದೇಹದಲ್ಲಿ ಸದ್ದಿಲ್ಲದೆ ದುಡಿಯುವ ಒಂದು ವ್ಯವಸ್ಥೆಯ ಪರಿಚಯವಾಗುತ್ತದೆ. ಆ ವ್ಯವಸ್ಥೆ ಕೆಟ್ಟವರಿಗೆ ಆಸರೆಯಾಗುವ ಒಂದು ವಿಶಿಷ್ಟ ಅಂಗಮರ್ದನದ ಪರಿಚಯವೂ ಆಗುತ್ತದೆ.

ಹೃದಯವಿಲ್ಲದ ಹರಿವು

ರಕ್ತ ಪರಿಚಲನೆಯ ಬಗ್ಗೆ ನೀವು ಪಾಠದಲ್ಲಿ ಓದಿದ್ದೀರಿ. ಅತಿ ಸಣ್ಣ ಲೋಮನಾಳಗಳ ಗೋಡೆಯಿಂದ ನೀರಿನಂಥ ದ್ರವ ಸ್ವಲ್ಪ ಸ್ವಲ್ಪವಾಗಿ ಹೊರಗೆ ಜಿನುಗಿ ಜೀವಕೋಶಗಳನ್ನು ತೋಯಿಸುತ್ತದೆ. ಹೀಗೆ ಜಿನುಗಿದ್ದು ಅಲ್ಲಿಯೇ ನಿಂತರೆ ಮೈಯೆಲ್ಲ ಊದಿಕೊಳ್ಳಬೇಕು. ಹಾಗಾಗದಂತೆ ಅದನ್ನು, ಅದರಲ್ಲಿರುವ ಪ್ರೋಟೀನುಗಳನ್ನೂ ಸೇರಿಸಿ, ಮತ್ತೆ ರಕ್ತಕ್ಕೆ ತಲುಪಿಸುವುದು ದುಗ್ಧರಸ ನಾಳಗಳ ಕೆಲಸ. ದಿನವೊಂದಕ್ಕೆ ಸುಮಾರು 2ರಿಂದ 4 ಲೀಟರ್ ದುಗ್ಧರಸ ಹೀಗೆ ಮರಳುತ್ತದೆ.

'ದುಗ್ಧ' ಎಂದರೆ ಹಾಲು. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ಎಂಬ ವೈದ್ಯ, ಆಗಷ್ಟೇ ಆಹಾರ ತಿಂದಿದ್ದ ನಾಯಿಯೊಂದರ ಕರುಳಿನ ಬಳಿ ಹಾಲಿನಂಥ ದ್ರವ ತುಂಬಿದ ಬಿಳಿ ಎಳೆಗಳನ್ನು ಕಂಡ. ಕೊಬ್ಬಿನ ಊಟವಾದ ಮೇಲೆ ಕರುಳಿನಿಂದ ಬರುವ ದುಗ್ಧರಸ ನಿಜಕ್ಕೂ ಹಾಲಿನ ಬಣ್ಣದ್ದು. ಉಳಿದೆಡೆ ಅದು ತಿಳಿಯಾಗಿರುತ್ತದೆ.

ರಕ್ತವನ್ನು ನೂಕಲು ಹೃದಯವಿದೆ. ದುಗ್ಧರಸಕ್ಕೆ ಅಂಥ ಪಂಪಿಲ್ಲ. ಅದರ ನಾಳಗಳೇ ನಿಮಿಷಕ್ಕೆ ಹಲವು ಬಾರಿ ತಾವಾಗಿ ಕುಗ್ಗಿ ಹಿಗ್ಗುತ್ತವೆ. ನಾವು ನಡೆದಾಗ ಸ್ನಾಯುಗಳು ಅವನ್ನು ಹಿಂಡುತ್ತವೆ; ಉಸಿರಾಟವೂ ನೆರವಾಗುತ್ತದೆ. ಒಳಗಿರುವ ಕವಾಟಗಳು ದ್ರವ ಹಿಂದಕ್ಕೆ ಜಾರದಂತೆ ತಡೆಯುತ್ತವೆ. ದಾರಿಯಲ್ಲಿ 500ಕ್ಕೂ ಹೆಚ್ಚು ದುಗ್ಧಗ್ರಂಥಿಗಳು ರೋಗಾಣುಗಳನ್ನು ಸೋಸುತ್ತವೆ. ಕೊನೆಗೆ ಕತ್ತಿನ ಬುಡದಲ್ಲಿ, ಕೊರಳೆಲುಬುಗಳ ಹಿಂದೆ, ಈ ದ್ರವ ಅಭಿಧಮನಿಗಳನ್ನು ಸೇರುತ್ತದೆ. ಬಸ್ಸಿನಲ್ಲಿ ನಿಮ್ಮ ಕಾಲು ಏಕೆ ಊದಿತು, ನಡೆದಾಗ ಏಕೆ ಇಳಿಯಿತು ಎಂಬುದು ಈಗ ತಿಳಿಯಿತಲ್ಲವೇ?

ದಾರಿ ಕಟ್ಟಿಹೋದಾಗ

ಎಲ್ಲರ ಊತವೂ ಹೀಗೆ ಬೆಳಗಾಗುವುದರೊಳಗೆ ಇಳಿಯುವುದಿಲ್ಲ. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಿದ್ದರೆ ಅಥವಾ ಅಲ್ಲಿಗೆ ವಿಕಿರಣ ಕೊಟ್ಟಿದ್ದರೆ, ತೋಳಿನಿಂದ ಬರುವ ದ್ರವಕ್ಕೆ ದಾರಿ ಕಿರಿದಾಗುತ್ತದೆ. ಕೆಲವರಲ್ಲಿ ತಿಂಗಳುಗಳ ನಂತರ, ಮತ್ತೆ ಕೆಲವರಲ್ಲಿ ವರ್ಷಗಳ ನಂತರ ತೋಳು ಊದಲಾರಂಭಿಸುತ್ತದೆ. ಬಳೆ ಏರುವುದಿಲ್ಲ, ರವಿಕೆಯ ತೋಳು ಬಿಗಿಯುತ್ತದೆ. ಇದೇ ದುಗ್ಧರಸದ ಊತ, ಅಂದರೆ ಲಿಂಫಿಡೀಮ.

ನಮ್ಮ ನಾಡಿಗೆ ಇದರ ಇನ್ನೊಂದು ರೂಪ ಹಳೆಯ ಪರಿಚಯ: ಆನೆಕಾಲು ರೋಗ. ಸೊಳ್ಳೆಯಿಂದ ಬರುವ ಫೈಲೇರಿಯ ಹುಳುಗಳು ದುಗ್ಧನಾಳಗಳಲ್ಲಿಯೇ ಮನೆಮಾಡಿ ಅವನ್ನು ಹಾಳುಗೆಡವುತ್ತವೆ. ಕರ್ನಾಟಕದ ಕರಾವಳಿಯಲ್ಲಿಯೂ, ಕಲಬುರಗಿ, ಬೀದರ್ ಮುಂತಾದ ಜಿಲ್ಲೆಗಳಲ್ಲಿಯೂ ಇದು ಜನರನ್ನು ಕಾಡಿದೆ. ವರ್ಷಕ್ಕೊಮ್ಮೆ ಮನೆಮನೆಗೆ ಮಾತ್ರೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2004ರಲ್ಲಿ ಆರಂಭವಾಯಿತು. ಮಾತ್ರೆಯಿಂದ ರೋಗ ಹರಡುವುದು ನಿಲ್ಲುತ್ತದೆ. ಆದರೆ ಆಗಲೇ ಹಾಳಾದ ನಾಳ ಮೊದಲಿನಂತಾಗುವುದಿಲ್ಲ. ಇಂಥ ಕಾಲಿಗೆ ಬಾಳಿನುದ್ದಕ್ಕೂ ಆರೈಕೆ ಬೇಕು.

ಡೆನ್ಮಾರ್ಕಿನ ದಂಪತಿಗಳು

ಊದಿದ ಅಂಗವನ್ನು ಎತ್ತರದಲ್ಲಿಟ್ಟು, ಪಟ್ಟಿ ಕಟ್ಟಿ, ನೀವಿದರೆ ಗುಣ ಕಾಣುತ್ತದೆ ಎಂದು ಆಸ್ಟ್ರಿಯದ ಶಸ್ತ್ರವೈದ್ಯ ವಿನಿವಾರ್ಟರ್ 1892ರಲ್ಲಿಯೇ ಬರೆದಿದ್ದ. ಆದರೆ ಇಂದಿನ ಮರ್ದನ ವಿಧಾನಕ್ಕೆ ಬುನಾದಿ ಹಾಕಿದವರು ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್. 1930ರ ದಶಕದ ಆರಂಭದಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿದ್ದ ಅವರ ಬಳಿಗೆ, ಹಳೆಯ ನೆಗಡಿಯಿಂದ ನರಳುತ್ತಿದ್ದವರು ಬರುತ್ತಿದ್ದರು. ಅವರ ಕತ್ತಿನ ಗ್ರಂಥಿಗಳು ಊದಿರುತ್ತಿದ್ದವು. ಅವನ್ನು ಮುಟ್ಟಲೂ ವೈದ್ಯರು ಹಿಂಜರಿಯುತ್ತಿದ್ದ ಕಾಲವದು. ವೋಡರ್ ದಂಪತಿಗಳು ಬಲು ಹಗುರವಾಗಿ ಸುತ್ತು ಸುತ್ತಾಗಿ ನೀವಿ ನೋಡಿದರು. 1936ರಲ್ಲಿ ಪ್ಯಾರಿಸ್‌ನಲ್ಲಿ ತಮ್ಮ ವಿಧಾನವನ್ನು ಎಲ್ಲರ ಮುಂದಿಟ್ಟರು. ಮುಂದೆ ಜರ್ಮನಿಯಲ್ಲಿ ಮೈಕೆಲ್ ಮತ್ತು ಎಥೆಲ್ ಫೋಲ್ಡಿ ಎಂಬ ವೈದ್ಯ ದಂಪತಿಗಳು ಈ ಮರ್ದನಕ್ಕೆ ಪಟ್ಟಿ ಕಟ್ಟುವುದು, ವ್ಯಾಯಾಮ, ಚರ್ಮದ ಆರೈಕೆ ಇವನ್ನೆಲ್ಲ ಜೋಡಿಸಿ ಒಂದು ಪೂರ್ಣ ಚಿಕಿತ್ಸೆಯಾಗಿ ಬೆಳೆಸಿದರು.

ಹಗುರ ಕೈ ಏಕೆ?

ಈ ಮರ್ದನವನ್ನು ಕ್ಯಾಮೆರಾದ ಮುಂದೆ ಮಾಡಿ ತೋರಿಸಿದರೆ 'ಇಷ್ಟೇನಾ?' ಎನ್ನಿಸುತ್ತದೆ. ಎಣ್ಣೆಯಿಲ್ಲ, ತಿಕ್ಕುವುದಿಲ್ಲ, ಹಿಂಡುವುದಿಲ್ಲ. ಅಂಗೈಯನ್ನು ಚರ್ಮದ ಮೇಲಿಟ್ಟು, ಚರ್ಮವನ್ನೇ ನಿಧಾನವಾಗಿ ಒಂದು ದಿಕ್ಕಿಗೆ ಸರಿಸಿ ಬಿಡುತ್ತಾರೆ, ಅಷ್ಟೆ. ಆದರೆ ಗುಟ್ಟು ಇರುವುದು ಅಲ್ಲಿಯೇ. ದುಗ್ಧನಾಳಗಳ ಮೊದಲ ಕವಲುಗಳು ಚರ್ಮಕ್ಕೆ ತೀರ ಹತ್ತಿರದಲ್ಲಿವೆ. ನವಿರಾದ ಎಳೆಗಳು ಅವನ್ನು ಸುತ್ತಲಿನ ಅಂಗಾಂಶಕ್ಕೆ ಕಟ್ಟಿಹಾಕಿವೆ. ಚರ್ಮ ಮೆಲ್ಲಗೆ ಸರಿದಾಗ ಆ ಎಳೆಗಳು ಎಳೆದು ನಾಳದ ಬಾಯಿ ತೆರೆಯುತ್ತದೆ, ದ್ರವ ಒಳಗೆ ನುಗ್ಗುತ್ತದೆ. ಗಟ್ಟಿಯಾಗಿ ಒತ್ತಿದರೆ? ನಾಳವೇ ಅಪ್ಪಚ್ಚಿ! ಜೊತೆಗೆ ಅಲ್ಲಿಗೆ ರಕ್ತ ಹೆಚ್ಚು ಹರಿದು ಊತ ಇನ್ನಷ್ಟು ಏರಬಹುದು.

ಇನ್ನೊಂದು ಸೋಜಿಗ. ಊದಿದ್ದು ಕೈಯಾದರೂ ಮರ್ದನ ಆರಂಭವಾಗುವುದು ಕತ್ತಿನಿಂದ. ಅಡಿಕೆ ತೋಟದಲ್ಲಿ ನೀರು ನಿಂತಾಗ ರೈತ ಏನು ಮಾಡುತ್ತಾನೆ? ಮೊದಲು ಬಸಿಗಾಲುವೆಯ ತುದಿಯಲ್ಲಿ ಕಟ್ಟಿದ ಕಸ ತೆಗೆಯುತ್ತಾನೆ. ತುದಿ ತೆರೆಯದೆ ಮೇಲಿನಿಂದ ನೀರು ನೂಕಿ ಫಲವಿಲ್ಲ. ಇಲ್ಲಿಯೂ ಹಾಗೆಯೇ: ಮೊದಲು ಕತ್ತು, ಆಮೇಲೆ ಎದೆ, ಬೆನ್ನು, ಕೊನೆಗೆ ತೋಳು. ಕಂಕುಳಿನ ದಾರಿ ಮುಚ್ಚಿದ್ದರೆ ದ್ರವವನ್ನು ಇನ್ನೊಂದು ಬದಿಯ ಗ್ರಂಥಿಗಳತ್ತ ತಿರುಗಿಸುತ್ತಾರೆ.

ಎಷ್ಟು ಪ್ರಯೋಜನ?

ವಿಜ್ಞಾನದ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ ಇದು. ಸ್ತನ ಕ್ಯಾನ್ಸರಿನ ನಂತರದ ಊತದ ಬಗ್ಗೆ ನಡೆದ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ವರದಿ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಬಿಗಿಯಾದ ಪಟ್ಟಿ ಕಟ್ಟುವುದರಿಂದಲೇ ಊತ ಶೇಕಡ 30ಕ್ಕೂ ಹೆಚ್ಚು ಇಳಿದಿತ್ತು. ಮರ್ದನವನ್ನೂ ಸೇರಿಸಿದಾಗ ಇಳಿದದ್ದು ಇನ್ನು ಸುಮಾರು ಶೇಕಡ 7. ಹೆಚ್ಚಿನ ಲಾಭ ಕಂಡದ್ದು ಊತ ಇನ್ನೂ ಬಲಿಯದವರಲ್ಲಿ. ಎಂದರೆ ಮರ್ದನ ಒಳ್ಳೆಯ ಜೊತೆಗಾರ, ಒಂಟಿ ವೀರನಲ್ಲ. ಪಟ್ಟಿ ಕಟ್ಟದೆ ಬರಿದೇ ನೀವಿಸಿಕೊಂಡರೆ ಊತ ಮತ್ತೆ ಮರಳುತ್ತದೆ.

ಈ ಮರ್ದನದಿಂದ ದೇಹದ 'ವಿಷ' ಹೊರಹೋಗುತ್ತದೆ, ತೂಕ ಇಳಿಯುತ್ತದೆ ಎಂಬ ಜಾಹೀರಾತುಗಳನ್ನು ನೀವು ನೋಡಿರಬಹುದು. ನಂಬಬೇಡಿ. ಕಶ್ಮಲಗಳನ್ನು ತೆಗೆಯಲು ಯಕೃತ್ತು, ಮೂತ್ರಪಿಂಡಗಳು ಇವೆ. ನೀರು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದರೆ ಕೊಬ್ಬು ಕರಗುವುದಿಲ್ಲ.

ಎಚ್ಚರವೂ ಬೇಕು. ಊದಿದ ಭಾಗ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದಿದ್ದರೆ ಅದು ಸೋಂಕು. ಮರ್ದನ ಕೂಡದು, ತಕ್ಷಣ ವೈದ್ಯರನ್ನು ಕಾಣಬೇಕು. ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಹೃದಯ ದುರ್ಬಲವಾಗಿದ್ದರೆ ಕೂಡ ಕೈ ಹಾಕಬಾರದು. ಊತಕ್ಕೆ ಕಾರಣಗಳು ಹಲವು. ಕಾರಣ ತಿಳಿಯುವುದು ಮೊದಲು.

ನಿಮ್ಮಿಂದ ಆಗುವುದು

ನಮ್ಮ ಮನೆಗಳಲ್ಲಿ ಊತ ಕಂಡ ಕೂಡಲೇ ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವ ರೂಢಿಯಿದೆ. ಅದರ ಹಿಂದೆ ಇರುವುದು ಪ್ರೀತಿಯೇ. ಆದರೆ ಶಸ್ತ್ರಚಿಕಿತ್ಸೆಯಾದ ಅಮ್ಮನ ತೋಳಿಗೆ, ಅಜ್ಜಿಯ ಆನೆಕಾಲಿಗೆ ಆ ಪ್ರೀತಿ ನೋವು ತರಬಹುದು. ಅದನ್ನು ಮನೆಯಲ್ಲಿ ಬಿಡಿಸಿ ಹೇಳಬಲ್ಲವರು ನೀವು. ವಾರಕ್ಕೊಮ್ಮೆ ಅಳತೆಯ ಟೇಪು ಹಿಡಿದು ಎರಡೂ ತೋಳುಗಳ ಸುತ್ತಳತೆ ಬರೆದಿಡಿ. ವ್ಯತ್ಯಾಸ ಕಂಡರೆ ವೈದ್ಯರಿಗೆ ತೋರಿಸಿ, ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಯಾರೆಂದು ಕೇಳಿ. ಅಜ್ಜಿಯ ಕಾಲನ್ನು ದಿನವೂ ಸಾಬೂನು ನೀರಿನಿಂದ ತೊಳೆದು, ಬೆರಳುಗಳ ಸಂದುಗಳನ್ನು ಮೆತ್ತಗೆ ಒರೆಸಿ ಒಣಗಿಸಿ. ಸಣ್ಣ ಗಾಯಕ್ಕೂ ಔಷಧಿ ಹಚ್ಚಿ. ಕುಳಿತಾಗ ಕಾಲಿನ ಕೆಳಗೊಂದು ದಿಂಬು ಇಡಿ.

ಇದಕ್ಕೆ ಬೇಕಾದದ್ದು ತೋಳ ಬಲವಲ್ಲ. ಹಗುರವಾದ ಕೈ, ದಿನವೂ ತಪ್ಪದ ತಾಳ್ಮೆ.