ಉಪ್ಪುನೀರು ಗಾಯಕ್ಕೆ ಮದ್ದಲ್ಲ

ಹೆಬಳೆಯ ಓದುಗರೊಬ್ಬರು ಕೇಳಿದ್ದಾರೆ: “ನಮ್ಮ ಭಾವನಿಗೆ ಶುಗರ್ ಇದೆ. ತೆಂಗಿನಗುಂಡಿ ಬಂದರಿನಲ್ಲಿ ಬಲೆ ಬಿಡಿಸುವಾಗ ಮೀನಿನ ಮುಳ್ಳು ಚುಚ್ಚಿದರೆ ಅಲ್ಲೇ ಸಮುದ್ರಕ್ಕೆ ಕೈ ಅದ್ದುತ್ತಾನೆ. ಉಪ್ಪುನೀರು ತಾಗಿದರೆ ಕೀವಾಗುವುದಿಲ್ಲವಂತೆ, ಹೌದೇ?”

ಖಂಡಿತ ಅಲ್ಲ. ಭಟ್ಕಳದಿಂದ ಕುಮಟೆಯವರೆಗೆ ಓದಿದವರ ಬಾಯಲ್ಲೂ ಕೇಳಿಬರುವ ಮಾತು ಇದು. ಉಪ್ಪಿಗೆ ಕ್ರಿಮಿ ಸಾಯುವುದು ಒಣಮೀನಿನಲ್ಲಿ, ಉಪ್ಪಿನಕಾಯಿಯ ಭರಣಿಯಲ್ಲಿ. ಸಮುದ್ರದಲ್ಲಿ ಲೀಟರಿಗೆ ಇರುವುದು ಸುಮಾರು 35 ಗ್ರಾಂ ಉಪ್ಪು, ಅಳಿವೆಯಲ್ಲಿ ಇನ್ನೂ ಕಡಿಮೆ. ಅಷ್ಟು ಉಪ್ಪು ಸಿಕ್ಕರೇ ಹಿಗ್ಗುವ ಬ್ಯಾಕ್ಟೀರಿಯಾಗಳಿವೆ. ಕಾಲರಾದ ದಾಯಾದಿ ವಿಬ್ರಿಯೊ ವಲ್ನಿಫಿಕಸ್ ಅಂಥದ್ದೊಂದು. ಹೊಳೆ ನೀರು, ಕಡಲ ನೀರು ಬೆರೆಯುವ ಬೆಚ್ಚಗಿನ ಜಾಗ ಅದಕ್ಕೆ ಬಲು ಇಷ್ಟ. ನಮ್ಮ ಶರಾವತಿ, ಅಘನಾಶಿನಿ ಅಳಿವೆಗಳೂ ಅಂಥ ಜಾಗಗಳೇ. ನೀರು ಸೋಸಿ ಬದುಕುವ ಕಲ್ವದ ಮೈಯಲ್ಲಿ ಇದು ಸೇರಿಕೊಳ್ಳುತ್ತದೆ. ನೈಋತ್ಯ ಕರಾವಳಿಯ ಎರಡು ಅಳಿವೆಗಳ ಕಲ್ವದಲ್ಲಿ ಇದನ್ನು ಪತ್ತೆಹಚ್ಚಿದ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು 2004ರಲ್ಲಿ ವರದಿ ಪ್ರಕಟಿಸಿದ್ದಾರೆ. ಹಾಗಂತ ಬಳಚಿನ ಸುಕ್ಕ ಬಿಡಬೇಕಿಲ್ಲ. ಚೆನ್ನಾಗಿ ಬೇಯಿಸಿದರೆ ಈ ಜೀವಿ ಉಳಿಯುವುದಿಲ್ಲ. ಹಸಿ ಕಲ್ವ ನುಂಗುವ ಚಟ ನಮ್ಮವರಿಗಿಲ್ಲದ್ದು ಪುಣ್ಯ. ನಮಗೆ ಅಪಾಯ ಹೆಚ್ಚಾಗಿ ಗಾಯದ ದಾರಿಯಿಂದಲೇ.

ಆರೋಗ್ಯವಂತರಲ್ಲಿ ಈ ಸೋಂಕು ಬಲು ಅಪರೂಪ. ಇದು ಹೆಚ್ಚಾಗಿ ಕಾಡುವುದು ಲಿವರ್ ಕೆಟ್ಟವರನ್ನು, ಸಕ್ಕರೆ ಕಾಯಿಲೆಯವರನ್ನು. ಲಿವರ್ ಕೆಟ್ಟವರನ್ನು ಯಾಕೆ ಇದು ಹುಡುಕಿಕೊಂಡು ಹೋಗುತ್ತದೆ? ಉತ್ತರ ಕಬ್ಬಿಣದಲ್ಲಿದೆ, ನನಗೆ ಎಷ್ಟು ಓದಿದರೂ ಬೇಸರವಾಗದ ಕತೆ ಇದು. ಬೆಳೆಯಬೇಕಾದರೆ ಈ ಬ್ಯಾಕ್ಟೀರಿಯಾಕ್ಕೆ ಕಬ್ಬಿಣ ಬೇಕು. ನಮ್ಮ ರಕ್ತದಲ್ಲಿ ಕಬ್ಬಿಣ ಇದೆ, ಆದರೆ ಕೈಗೆ ಸಿಗುವಂತಿಲ್ಲ: ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಸೋಂಕು ತಗುಲಿತೆಂದರೆ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನು ಸುರಿಸಿ ರಕ್ತದ ಕಬ್ಬಿಣವನ್ನು ಇನ್ನಷ್ಟು ಇಳಿಸುತ್ತದೆ. ಶತ್ರುವಿಗೆ ಔಷಧವೂ ಬೇಡ, ಆಯುಧವೂ ಬೇಡ, ಬರೀ ಉಪವಾಸ! ಕುಡಿತದಿಂದಲೋ ಕಾಮಾಲೆಯಿಂದಲೋ ಲಿವರ್ ಹಾಳಾದವರಲ್ಲಿ ಈ ಕಾವಲು ಸಡಿಲವಾಗಿ ಕಬ್ಬಿಣ ಸಲೀಸಾಗಿ ಸಿಗುತ್ತದೆ. 1981ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಇಲಿಗಳಲ್ಲಿ ತೋರಿಸಿದರು. ಮಾಮೂಲಿ ಇಲಿಯನ್ನು ಕೊಲ್ಲಲು ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಬೇಕಾದವು. ಮೊದಲೇ ಕಬ್ಬಿಣ ಚುಚ್ಚಿದ ಇಲಿಗೆ ಒಂದೆರಡು ಸಾಕಾದವು.

ಸಕ್ಕರೆ ಕಾಯಿಲೆಯವರ ಪಾಡು ಬೇರೆ: ಬಿಳಿ ರಕ್ತಕಣಗಳು ಮಂದ, ಬೆರಳು ಜೋಮು, ಗಾಯ ಆದದ್ದೇ ತಿಳಿಯುವುದಿಲ್ಲ. ಮುಳ್ಳು ಸಣ್ಣದೆಂದು ತಾತ್ಸಾರ ಮಾಡುವವರಿಗೆ ಇಸ್ರೇಲಿನ ಉದಾಹರಣೆ ಸಾಕು. 1996–97ರಲ್ಲಿ ಅಲ್ಲಿ ಕೊಳದಲ್ಲಿ ಸಾಕಿದ ಮೀನನ್ನು ಕೈಯಲ್ಲಿ ಹಿಡಿದು ಸೋಂಕು ತಗುಲಿಸಿಕೊಂಡವರು 62 ಮಂದಿ. ಐಸಿನಲ್ಲಿಟ್ಟು ಮಾರುತ್ತಿದ್ದ ಮೀನನ್ನು ಜೀವಂತ ಮಾರತೊಡಗಿದ ಮೇಲೆ ಶುರುವಾದ ಪೀಡೆ ಅದು.

ಭಾವನಿಗೆ ಹೇಳಿ: ಮುಳ್ಳು ಚುಚ್ಚಿದ ಕೂಡಲೇ ಸಿಹಿನೀರು, ಸೋಪು ಹಾಕಿ ತೊಳೆಯಲಿ, ಅರಿಸಿನ, ಕಾಫಿಪುಡಿ ಮೆತ್ತುವುದು ಬೇಡ. ಕೈ ಊದಿ ನೋವು ಏರುತ್ತಾ ಹೋದರೆ, ಜ್ವರ ಬಂದರೆ, ಕಪ್ಪು ನೀರ್ಗುಳ್ಳೆ ಎದ್ದರೆ ಬೆಳಗಾಗಲೆಂದು ಕಾಯಬಾರದು. ಈ ಸೋಂಕು ರಕ್ತಕ್ಕಿಳಿದರೆ ಬದುಕುವುದು ಕಷ್ಟ, ಸಿಗುವ ಸಮಯವೂ ಗಂಟೆಗಳ ಲೆಕ್ಕದ್ದು. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು ಎರಡು: ಶುಗರ್ ಇದೆ, ಗಾಯಕ್ಕೆ ಸಮುದ್ರದ ನೀರು ತಾಗಿದೆ.