ಫಲಿತಾಂಶದ ದಿನದ ಸರದಿ: ಕ್ಲೌಡ್ ಸೇವೆಯಲ್ಲಿ ಇನ್‌ಸ್ಟೆನ್ಸ್‌ಗಳ ಸಂಖ್ಯೆ ಮತ್ತು ವಿಳಂಬಕಾಲದ ನಿಯಮನ

1. ಪೀಠಿಕೆ

ತುಮಕೂರು ವಿಶ್ವವಿದ್ಯಾನಿಲಯವು 2004ರಲ್ಲಿ ಸ್ಥಾಪಿತವಾಯಿತು. ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳು ಫಲಿತಾಂಶಕ್ಕಾಗಿ ಸೂಚನಾ ಫಲಕದ ಮುಂದೆ ನೆರೆಯುತ್ತಿದ್ದ ಕಾಲದಲ್ಲಿ ಗುಂಪು ಕಣ್ಣಿಗೆ ಕಾಣುತ್ತಿತ್ತು. ಇಂದು ತುಮಕೂರು ನಗರದ ವಿದ್ಯಾರ್ಥಿಯೂ ಗುಬ್ಬಿ ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳ ವಿದ್ಯಾರ್ಥಿನಿಯೂ ಒಂದೇ ನಿಮಿಷದಲ್ಲಿ ಒಂದೇ ಜಾಲತಾಣವನ್ನು ತಮ್ಮ ತಮ್ಮ ಫೋನುಗಳಲ್ಲಿ ತೆರೆಯುತ್ತಾರೆ. ಗುಂಪು ಕಾಣದು, ನೂಕುನುಗ್ಗಲು ಮಾತ್ರ ಹಾಗೆಯೇ ಉಳಿದಿದೆ. ಮೇಲಿನ ತರಗತಿಯ ಪ್ರವೇಶ, ವಿದ್ಯಾರ್ಥಿವೇತನದ ಅರ್ಜಿ, ಮರುಮೌಲ್ಯಮಾಪನದ ಶುಲ್ಕ ಇವೆಲ್ಲಕ್ಕೂ ಕೊನೆಯ ದಿನಾಂಕಗಳುಂಟು. ಆದಕಾರಣ ಪುಟವು ತೆರೆಯದಿದ್ದರೆ ಆಗುವ ನಷ್ಟವು ಕೇವಲ ಬೇಸರವಲ್ಲ.

ಇಂತಹ ಜಾಲತಾಣಗಳನ್ನು ಈಗ ಸಾಮಾನ್ಯವಾಗಿ ಕ್ಲೌಡ್ ಸೇವೆಯಲ್ಲಿ, ಎಂದರೆ ಬೇರೆಡೆ ಇರುವ ಕಂಪ್ಯೂಟರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದು, ನಡೆಸಲಾಗುತ್ತದೆ. ಅಲ್ಲಿ ನಡೆಯುತ್ತಿರುವ ನಮ್ಮ ಪ್ರೋಗ್ರಾಮಿನ ಒಂದೊಂದು ಪ್ರತಿಯನ್ನೂ 'ಇನ್‌ಸ್ಟೆನ್ಸ್' ಎನ್ನುತ್ತಾರೆ. ಕೋರಿಕೆ ಸಲ್ಲಿಸಿದ ಕ್ಷಣದಿಂದ ಉತ್ತರ ದೊರೆಯುವವರೆಗೆ ಕಳೆಯುವ ಕಾಲವೇ 'ಲೇಟೆನ್ಸಿ' ಅಥವಾ ವಿಳಂಬಕಾಲ. ಒತ್ತಡ ಹೆಚ್ಚಿದಾಗ ಇನ್‌ಸ್ಟೆನ್ಸ್‌ಗಳು ತಾವಾಗಿಯೇ ಹೆಚ್ಚುವಂತೆ ಏರ್ಪಡಿಸಬಹುದಾದ್ದರಿಂದ, ಯಂತ್ರಗಳನ್ನು ಹೆಚ್ಚಿಸಿದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆ ಹರಡಿದೆ. ಈ ನಂಬಿಕೆಯು ಎಷ್ಟರಮಟ್ಟಿಗೆ ನಿಜವೆಂಬುದನ್ನು ಲೆಕ್ಕದ ಮೂಲಕ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2. ಸರದಿಯ ಗಣಿತ

ಸರದಿಯ ಶಾಸ್ತ್ರವು ಕಂಪ್ಯೂಟರಿಗಿಂತ ಹಳೆಯದು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್, ಕರೆಗಳ ದಟ್ಟಣೆಯನ್ನು ಕುರಿತು 1909ರಲ್ಲಿಯೂ 1917ರಲ್ಲಿಯೂ ಪ್ರಕಟಿಸಿದ ಲೇಖನಗಳು ಇದಕ್ಕೆ ಅಡಿಗಲ್ಲು. 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸನು ಬಹು ಸರಳವಾದೊಂದು ನಿಯಮವನ್ನು ಸಾಧಿಸಿ ತೋರಿಸಿದನು: ಒಂದು ವ್ಯವಸ್ಥೆಯೊಳಗೆ ಯಾವುದೇ ಕಾಲದಲ್ಲಿ ಇರುವವರ ಸರಾಸರಿ ಸಂಖ್ಯೆಯು, ಸೆಕೆಂಡಿಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಒಳಗಿರುವ ಸೆಕೆಂಡುಗಳಿಂದ ಗುಣಿಸಿದಷ್ಟು. ಸೆಕೆಂಡಿಗೆ 60 ಕೋರಿಕೆಗಳು ಬಂದು, ಪ್ರತಿಯೊಂದಕ್ಕೂ 0.2 ಸೆಕೆಂಡು ಹಿಡಿದರೆ, ಸರಾಸರಿ 12 ಕೋರಿಕೆಗಳು ಏಕಕಾಲದಲ್ಲಿ ನಡೆಯುತ್ತಿರುತ್ತವೆ.

ಎರಡನೆಯ ಸಂಗತಿಯು ಇನ್ನೂ ಮುಖ್ಯವಾದುದು. ಒಬ್ಬನೇ ಗುಮಾಸ್ತನಿರುವ ಕಿಟಕಿಗೆ ಜನರು ಗೊತ್ತುಗುರಿಯಿಲ್ಲದೆ ಬರುತ್ತಾರೆ, ಒಬ್ಬೊಬ್ಬರ ಕೆಲಸಕ್ಕೂ ಹಿಡಿಯುವ ಕಾಲವು ಹೆಚ್ಚುಕಡಮೆಯಾಗುತ್ತದೆ ಎಂದಿಟ್ಟುಕೊಂಡರೆ, ಅತ್ಯಂತ ಸರಳವಾದ ಮಾದರಿಯಲ್ಲಿ ಒಟ್ಟು ವಿಳಂಬವು ಹೀಗಿರುತ್ತದೆ: ಗುಮಾಸ್ತನ ಸಮಯದ ಶೇಕಡ 50 ಬಳಕೆಯಾದಾಗ ಕೆಲಸದ ಕಾಲದ 2ರಷ್ಟು, ಶೇಕಡ 80 ಆದಾಗ 5ರಷ್ಟು, ಶೇಕಡ 90ಕ್ಕೆ 10ರಷ್ಟು, ಶೇಕಡ 95ಕ್ಕೆ 20ರಷ್ಟು. ಅಂದರೆ, ಕೊನೆಯ ಅಲ್ಪ ಬಿಡುವನ್ನೂ ಉಳಿಸದೆ ಯಂತ್ರವನ್ನು ದುಡಿಸಹೊರಟರೆ ವಿಳಂಬವು ಮೆಟ್ಟಿಲೇರುವುದಿಲ್ಲ, ಹಾರಿ ಏರುತ್ತದೆ. 2008ರಲ್ಲಿ ಬಳಕೆಗೆ ಬಂದ ಗೂಗಲ್ ಆಪ್ ಎಂಜಿನ್ ಸೇವೆಯ ಸ್ಟ್ಯಾಂಡರ್ಡ್ ಪರಿಸರದಲ್ಲಿ, ನಾವು ಬೇರೆ ಹೇಳದಿದ್ದರೆ, ಸಿಪಿಯು ಬಳಕೆಯ ಗುರಿಯು 0.6 ಎಂದಿರುತ್ತದೆ. ಉಳಿದ ಭಾಗವು ವ್ಯರ್ಥವೆಂದು ತೋರಬಹುದು. ವಾಸ್ತವವಾಗಿ ಅದು ವಿಳಂಬವನ್ನು ತಡೆಯಲು ತೆರುವ ಬೆಲೆ.

3. ಮೂರು ನಿಯಾಮಕ ಸಂಖ್ಯೆಗಳು

ಸೇವೆಯಿಂದ ಸೇವೆಗೆ ಹೆಸರುಗಳು ಬೇರೆಯಾದರೂ ಗೊತ್ತುಪಡಿಸಬೇಕಾದ ಮುಖ್ಯ ಸಂಖ್ಯೆಗಳು ಮೂರು.

ಮೊದಲನೆಯದು, ಕೋರಿಕೆಯೇ ಇಲ್ಲದಿದ್ದಾಗಲೂ ಸಿದ್ಧವಾಗಿರಬೇಕಾದ ಮೀಸಲು ಇನ್‌ಸ್ಟೆನ್ಸ್‌ಗಳ ಸಂಖ್ಯೆ. ಎರಡನೆಯದು, ಕೋರಿಕೆಯೊಂದು ಸರದಿಯಲ್ಲಿ ಎಷ್ಟು ಹೊತ್ತು ಕಾದರೆ ಹೊಸ ಇನ್‌ಸ್ಟೆನ್ಸ್ ತೆರೆಯಬೇಕೆಂಬ ಕಾಯುವಿಕೆಯ ಮಿತಿ. ಮೂರನೆಯದು, ಎಷ್ಟೇ ಒತ್ತಡವಾದರೂ ಮೀರಬಾರದ ಗರಿಷ್ಠ ಸಂಖ್ಯೆ. ಇವುಗಳೊಡನೆ, ಒಂದೊಂದು ಇನ್‌ಸ್ಟೆನ್ಸ್ ಏಕಕಾಲದಲ್ಲಿ ಎಷ್ಟು ಕೋರಿಕೆಗಳನ್ನು ಕೈಗೊಳ್ಳಬಹುದೆಂಬುದನ್ನೂ ಪರೀಕ್ಷಿಸಿ ತಿಳಿಯಬೇಕು.

ಕಾಯುವಿಕೆಯ ಮಿತಿಯನ್ನು ತೀರ ಕಿರಿದಾಗಿಸಿದರೆ ಕ್ಷಣಿಕವಾದ ಒತ್ತಡಕ್ಕೂ ಹೊಸ ಇನ್‌ಸ್ಟೆನ್ಸ್ ಎದ್ದು ನಿಂತು ಖರ್ಚು ಬೆಳೆಯುತ್ತದೆ. ತೀರ ಹಿರಿದಾಗಿಸಿದರೆ ವಿದ್ಯಾರ್ಥಿಯು ಕಾಯುತ್ತಾನೆ. ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಶುಲ್ಕ ಕಟ್ಟುವ ಕೊನೆಯ ದಿನ ಒತ್ತಡವು ಗಂಟೆಗಂಟೆಗೆ ನಿಧಾನವಾಗಿ ಏರುತ್ತದೆ. ಅಲ್ಲಿ ಈ ಮಿತಿಯು ಚೆನ್ನಾಗಿ ಕೆಲಸಮಾಡುತ್ತದೆ. ಫಲಿತಾಂಶದ ದಿನವಾದರೋ ಒತ್ತಡವು ಒಂದೇ ನೆಗೆತಕ್ಕೆ ತುದಿ ಮುಟ್ಟುತ್ತದೆ. ಹೊಸ ಇನ್‌ಸ್ಟೆನ್ಸ್ ಸಿದ್ಧವಾಗಲು 8 ಸೆಕೆಂಡು ಬೇಕಾದರೆ, ಮಿತಿಯು 30 ಮಿಲಿಸೆಕೆಂಡೇ ಇರಲಿ 500 ಮಿಲಿಸೆಕೆಂಡೇ ಇರಲಿ, ಮೊದಲ ಅಲೆಗೆ ಸಿಕ್ಕಿದವರ ಪಾಡು ಒಂದೇ. ಅವರಿಗೆ ನೆರವಾಗುವುದು ಮೊದಲೇ ಎಚ್ಚರವಾಗಿರುವ ಮೀಸಲು ಮಾತ್ರ.

ಗರಿಷ್ಠ ಸಂಖ್ಯೆಯ ಉಪಯೋಗವನ್ನು ಕೆರೆಯ ಕೋಡಿಯಿಂದ ತಿಳಿಯಬಹುದು. ಜನಪದ ಗೀತೆಯಲ್ಲಿ ಹಾಡಿಸಿಕೊಂಡ ಕುಣಿಗಲ್ ಕೆರೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೂಬು ಅಳತೆಯಾಗಿ ನೀರು ಬಿಡುತ್ತದೆ, ಮೀರಿ ಬಂದ ನೀರು ಕೋಡಿಯ ಮೇಲೆ ಹರಿದುಹೋಗುತ್ತದೆ, ಏರಿ ಉಳಿಯುತ್ತದೆ. ಕೋಡಿಯಿಲ್ಲದ ಕೆರೆಯು ಹೆಚ್ಚು ನೀರನ್ನು ಹಿಡಿಯುವುದಿಲ್ಲ, ಒಡೆದುಹೋಗುತ್ತದೆ. ಹಾಗೆಯೇ ಶಕ್ತಿಮೀರಿ ಬಂದ ಕೋರಿಕೆಗೆ 'ಎರಡು ನಿಮಿಷದ ಅನಂತರ ಪ್ರಯತ್ನಿಸಿ' ಎಂಬ ಕಿರು ಉತ್ತರವನ್ನು ತಕ್ಷಣವೇ ಕೊಟ್ಟು ಕಳುಹಿಸುವುದು, ಎಲ್ಲರನ್ನೂ ಒಳಗೆ ಬಿಟ್ಟುಕೊಂಡು ಎಲ್ಲರನ್ನೂ ಕಾಯಿಸುವುದಕ್ಕಿಂತ ಮೇಲು.

4. ಒಂದು ಲೆಕ್ಕ

ಮೇಲಿನ ತತ್ತ್ವಗಳನ್ನು ಕಲ್ಪಿತ ಉದಾಹರಣೆಯೊಂದಕ್ಕೆ ಅನ್ವಯಿಸಿ ನೋಡೋಣ. ಫಲಿತಾಂಶ ಪ್ರಕಟವಾದ ಮೊದಲ ನಿಮಿಷದಲ್ಲಿ ಸೆಕೆಂಡಿಗೆ 240 ಕೋರಿಕೆಗಳು ಬರುತ್ತವೆ, ಒಂದಕ್ಕೆ 0.2 ಸೆಕೆಂಡು ಬೇಕು; ಒಂದು ಇನ್‌ಸ್ಟೆನ್ಸ್ ನಿಧಾನಗೊಳ್ಳದೆ ಏಕಕಾಲದಲ್ಲಿ 4 ಕೋರಿಕೆಗಳನ್ನು ನಡೆಸಬಲ್ಲುದು; ಅದು ಸಿದ್ಧವಾಗಲು 8 ಸೆಕೆಂಡು ಬೇಕು ಎಂದಿಟ್ಟುಕೊಳ್ಳೋಣ.

ಲಿಟಲ್‌ನ ನಿಯಮದಂತೆ ಏಕಕಾಲದ ಕೋರಿಕೆಗಳು 48. ಪೂರ್ಣ ದುಡಿಮೆಯಲ್ಲಿ 12 ಇನ್‌ಸ್ಟೆನ್ಸ್‌ಗಳು ಸಾಕು. ಬಳಕೆಯನ್ನು ಶೇಕಡ 60ಕ್ಕೆ ನಿಲ್ಲಿಸಬೇಕಾದರೆ 20 ಬೇಕು. ಆರಂಭದಲ್ಲಿ ಒಂದೇ ಇದ್ದರೆ ಅದು ಸೆಕೆಂಡಿಗೆ 20 ಕೋರಿಕೆಗಳನ್ನು ಮಾತ್ರ ಮುಗಿಸಬಲ್ಲುದು. ಮೊದಲ 8 ಸೆಕೆಂಡುಗಳಲ್ಲಿ ಬಂದವು 1,920; ಮುಗಿದವು 160; ಉಳಿದ 1,760 ಕೋರಿಕೆಗಳು ಸರದಿಯಲ್ಲಿ ನಿಲ್ಲುತ್ತವೆ. ಅಷ್ಟರಲ್ಲಿ ತಾಳ್ಮೆಗೆಟ್ಟವರು ಪುಟವನ್ನು ಮತ್ತೆ ಮತ್ತೆ ತೆರೆಯುತ್ತಾರೆ. ಹಳೆಯ ಕೋರಿಕೆ ಹೋಗಿರುವುದಿಲ್ಲ, ಹೊಸದೂ ಸೇರುತ್ತದೆ. ಒತ್ತಡವು ತನ್ನಿಂದ ತಾನೇ ಬೆಳೆಯುತ್ತದೆ.

ಹಾಗಾದರೆ 20 ಇನ್‌ಸ್ಟೆನ್ಸ್‌ಗಳನ್ನು ವರ್ಷವಿಡೀ ಸಿದ್ಧವಾಗಿಡಬೇಕೆ? ಅದರ ಬೆಲೆ 1,75,200 ಇನ್‌ಸ್ಟೆನ್ಸ್-ಗಂಟೆಗಳು. ಫಲಿತಾಂಶದ ದಿನಗಳು ವರ್ಷಕ್ಕೆ ನಾಲ್ಕು ಎಂದು ಭಾವಿಸಿ, ಪ್ರತಿ ದಿನವೂ 4 ಗಂಟೆಗಳ ಕಾಲ ಮಾತ್ರ ಮೀಸಲನ್ನು ಏರಿಸಿದರೆ 320 ಗಂಟೆಗಳು ಸಾಕು. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಯು ಈ ಅಂತರವನ್ನು ಕಡೆಗಣಿಸಲಾಗದು. ಪ್ರಕಟಣೆಯ ವೇಳೆ ಮೊದಲೇ ತಿಳಿದಿರುವುದರಿಂದ ಒಂದು ಗಂಟೆ ಮುಂಚೆ ಮೀಸಲನ್ನು ಏರಿಸಿ, ಅಲೆ ಇಳಿದ ಮೇಲೆ ತಗ್ಗಿಸುವುದು ಸುಲಭ.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಇನ್‌ಸ್ಟೆನ್ಸ್‌ಗಳೆಲ್ಲ ಅಂಕಗಳನ್ನು ಒಂದೇ ಡೇಟಾಬೇಸಿನಿಂದ ತರುತ್ತವೆ. ಅದು 50 ಸಂಪರ್ಕಗಳನ್ನಷ್ಟೇ ಒಪ್ಪುವುದಾಗಿ, ಒಂದೊಂದು ಇನ್‌ಸ್ಟೆನ್ಸ್ 5ನ್ನು ಹಿಡಿದಿಟ್ಟುಕೊಳ್ಳುವುದಾದರೆ, ಹತ್ತಕ್ಕಿಂತ ಹೆಚ್ಚಿನ ಇನ್‌ಸ್ಟೆನ್ಸ್‌ಗಳಿಗೆ ಅಲ್ಲಿ ಎಡೆಯಿಲ್ಲ. ಹನ್ನೊಂದನೆಯದು ಕೇವಲ ದೋಷಸಂದೇಶಗಳನ್ನು ಉತ್ಪಾದಿಸುತ್ತದೆ. ಯಂತ್ರಗಳನ್ನು ಹೆಚ್ಚಿಸಿದಷ್ಟೂ ಜಾಲತಾಣವು ಕೆಡುವುದುಂಟೆಂಬ ಮಾತಿನ ಅರ್ಥ ಇದೇ. ಗರಿಷ್ಠ ಸಂಖ್ಯೆಯನ್ನು ನಿರ್ಧರಿಸಬೇಕಾದುದು ನಮ್ಮ ಆಸೆಯಲ್ಲ, ವ್ಯವಸ್ಥೆಯ ಅತ್ಯಂತ ಇಕ್ಕಟ್ಟಾದ ಕಂಡಿ.

ಆದರೆ ಪ್ರಕಟವಾದ ಅಂಕಗಳು ನಿಮಿಷ ನಿಮಿಷಕ್ಕೆ ಬದಲಾಗುವುದಿಲ್ಲ. ಅವುಗಳನ್ನು ಮುಂಚಿತವಾಗಿಯೇ ಡೇಟಾಬೇಸಿನಿಂದ ಓದಿ, ನೋಂದಣಿ ಸಂಖ್ಯೆಗೆ ಅನುಗುಣವಾಗಿ ಸ್ಮೃತಿಯಲ್ಲಿ ಇರಿಸಿಕೊಂಡರೆ ಒಂದು ಕೋರಿಕೆಯ ಕಾಲವು 0.2ರಿಂದ 0.02 ಸೆಕೆಂಡಿಗೆ ಇಳಿಯಿತೆಂದು ಭಾವಿಸೋಣ. ಈಗ ಏಕಕಾಲದ ಕೋರಿಕೆಗಳು 4.8, ಶೇಕಡ 60ರ ಬಳಕೆಯಲ್ಲಿ ಬೇಕಾದ ಇನ್‌ಸ್ಟೆನ್ಸ್‌ಗಳು ಎರಡೇ. ಇಪ್ಪತ್ತರ ಕೆಲಸವನ್ನು ಎರಡು ಮಾಡಿದವು. ಒಬ್ಬರ ಅಂಕಪಟ್ಟಿಯು ಮತ್ತೊಬ್ಬರಿಗೆ ಕಾಣದಂತೆಯೂ, ತಿದ್ದುಪಡಿಯಾದ ಅಂಕಗಳು ಬಂದಾಗ ಹಳೆಯ ಪ್ರತಿಯು ಅಳಿಯುವಂತೆಯೂ ಎಚ್ಚರವಹಿಸುವುದು ಮಾತ್ರ ಅಗತ್ಯ.

ಬರುವವರನ್ನೇ ಕಾಲದಲ್ಲಿ ಹಂಚುವುದು ಮತ್ತೊಂದು ಮಾರ್ಗ. ಕರ್ನಾಟಕದಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿಯು 2023ರ ಜುಲೈ 19ರಂದು ಆರಂಭವಾದಾಗ, ಫಲಾನುಭವಿಗಳಿಗೆ ದಿನ, ವೇಳೆ, ಸ್ಥಳಗಳನ್ನು ಎಸ್‌ಎಂಎಸ್ ಮೂಲಕ ತಿಳಿಸುವ ಏರ್ಪಾಡಿತ್ತು. ಕಾಲೇಜುವಾರು ಅಥವಾ ತಾಲ್ಲೂಕುವಾರು ಹತ್ತು ಹತ್ತು ನಿಮಿಷಗಳ ಅಂತರದಲ್ಲಿ ಫಲಿತಾಂಶವನ್ನು ತೆರೆಯುವುದೂ ಇದೇ ತತ್ತ್ವದ ಪ್ರಯೋಗ.

5. ಸರಾಸರಿ, ದೂರ ಮತ್ತು ಗಾತ್ರ

ವಿಳಂಬವನ್ನು ಸರಾಸರಿಯಿಂದ ಅಳೆಯುವುದು ತಪ್ಪುದಾರಿ ಹಿಡಿಸಬಹುದು. ನೂರು ಕೋರಿಕೆಗಳಲ್ಲಿ 95 ಕೋರಿಕೆಗಳು 0.2 ಸೆಕೆಂಡಿನಲ್ಲಿಯೂ 5 ಕೋರಿಕೆಗಳು 10 ಸೆಕೆಂಡಿನಲ್ಲಿಯೂ ಮುಗಿದರೆ ಸರಾಸರಿಯು 0.69 ಸೆಕೆಂಡು. ಈ ಅಂಕಿಯು ತೃಪ್ತಿಕರವಾಗಿ ಕಾಣುತ್ತದೆ. ಆದರೆ ಹತ್ತು ಸೆಕೆಂಡು ಕಾದ ಐವರು ಅದರೊಳಗೆ ಅಡಗಿಹೋಗಿದ್ದಾರೆ. ಆದ್ದರಿಂದ ನೂರರಲ್ಲಿ 99 ಮಂದಿಗೆ ಎಷ್ಟು ಕಾಲದೊಳಗೆ ಉತ್ತರ ದೊರೆಯಿತೆಂಬುದನ್ನು ನೋಡುವುದು ಯುಕ್ತ.

ದೂರದ ಪಾತ್ರವೂ ಉಂಟು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುತ್ತದೆ. ತುಮಕೂರಿನಿಂದ ಸುಮಾರು 800 ಕಿಲೋಮೀಟರು ದೂರದ ಮುಂಬಯಿಗೆ ಹೋಗಿಬರಲು ಕನಿಷ್ಠ 8 ಮಿಲಿಸೆಕೆಂಡು, 13,000 ಕಿಲೋಮೀಟರು ದೂರದ ಕೇಂದ್ರಕ್ಕೆ ಕನಿಷ್ಠ 130 ಮಿಲಿಸೆಕೆಂಡು ಬೇಕು. ಸುರಕ್ಷಿತ ಸಂಪರ್ಕವೊಂದು ಏರ್ಪಟ್ಟು ಪುಟವು ಬರಲು ಇಂತಹ ಹಲವು ಪಯಣಗಳು ಅವಶ್ಯಕ. ಅಮೆಜಾನ್ 2016ರಲ್ಲಿಯೂ ಗೂಗಲ್ 2017ರಲ್ಲಿಯೂ ಮುಂಬಯಿಯಲ್ಲಿ ಕ್ಲೌಡ್ ಕೇಂದ್ರಗಳನ್ನು ತೆರೆದಿರುವುದರಿಂದ ದೂರದ ಕೇಂದ್ರವನ್ನು ಆರಿಸಿಕೊಳ್ಳಲು ನಮಗೆ ಕಾರಣವಿಲ್ಲ. ಆಪ್ ಎಂಜಿನ್ನಿನಲ್ಲಿ ಒಮ್ಮೆ ಗೊತ್ತುಮಾಡಿದ ಪ್ರದೇಶವನ್ನು ಆಮೇಲೆ ಬದಲಾಯಿಸಲಾಗದಾದ್ದರಿಂದ ಈ ಆಯ್ಕೆಯನ್ನು ಮೊದಲೇ ವಿವೇಚಿಸಿ ಮಾಡಬೇಕು.

ಕೊನೆಯದಾಗಿ ಪುಟದ ಗಾತ್ರ. ಸಿಗ್ನಲ್ ದುರ್ಬಲವಾದ ಹಳ್ಳಿಯಲ್ಲಿ ಸೆಕೆಂಡಿಗೆ 1 ಮೆಗಾಬಿಟ್ ಮಾತ್ರ ದೊರೆಯುವುದಾದರೆ, ಚಿತ್ರಗಳಿಂದ ತುಂಬಿದ 2 ಮೆಗಾಬೈಟಿನ ಪುಟಕ್ಕೆ 16 ಸೆಕೆಂಡು ಬೇಕು. ಅಂಕಗಳಷ್ಟೇ ಇರುವ 40 ಕಿಲೋಬೈಟಿನ ಪುಟಕ್ಕೆ ಮೂರನೆಯ ಒಂದು ಸೆಕೆಂಡು ಸಾಕು. ಈ ಅಂತರವನ್ನು ಯಾವ ಇನ್‌ಸ್ಟೆನ್ಸ್ ಸಂಖ್ಯೆಯೂ ತುಂಬಲಾರದು.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲಸದ ಕ್ರಮವೊಂದು ದೊರೆಯುತ್ತದೆ. ಮೊದಲು ಒಂದು ಕೋರಿಕೆಯ ಕೆಲಸವನ್ನು ಕಡಮೆ ಮಾಡಬೇಕು. ಅನಂತರ ಡೇಟಾಬೇಸಿನ ಶಕ್ತಿಯನ್ನು ನೋಡಿ ಗರಿಷ್ಠವನ್ನು ಗೊತ್ತುಪಡಿಸಬೇಕು. ಆಮೇಲೆ ನೆಗೆತಕ್ಕೆ ಮೀಸಲನ್ನೂ ನಿಧಾನದ ಏರಿಕೆಗೆ ಕಾಯುವಿಕೆಯ ಮಿತಿಯನ್ನೂ ಹೊಂದಿಸಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಖರ್ಚು ಹೆಚ್ಚುತ್ತದೆ, ಕಾಯುವುದು ತಪ್ಪುವುದಿಲ್ಲ.

ಇಲ್ಲಿ ಬಳಸಿದ ಅಂಕಿಗಳು ಉದಾಹರಣೆಗಾಗಿ ಮಾತ್ರ. ತಮ್ಮ ಕಾಲೇಜಿನ ಜಾಲತಾಣದ ದಾಖಲೆಗಳಿಂದ ಸೆಕೆಂಡಿಗೆ ಬಂದ ಕೋರಿಕೆಗಳನ್ನೂ ಅವಕ್ಕೆ ಹಿಡಿದ ಕಾಲವನ್ನೂ ಎಣಿಸಿ, ಇದೇ ಲೆಕ್ಕವನ್ನು ಮತ್ತೆ ಮಾಡಿನೋಡುವುದು ಗಣಿತ ಮತ್ತು ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಉತ್ತಮ ಅಭ್ಯಾಸವಾದೀತು. ಮುಂದಿನ ಫಲಿತಾಂಶದ ದಿನಕ್ಕೆ ಮೊದಲೇ ಅದು ನಡೆದರೆ, ಅದರ ಪ್ರಯೋಜನವು ಪ್ರಯೋಗಶಾಲೆಯ ಹೊರಗೂ ದೊರೆಯುವುದು.